ನೆರಳಿನ ಅಳತೆ, ಉಸಿರಿನ ಅಳತೆ: ಜೈನ ಗ್ರಂಥಗಳಲ್ಲಿ ಧ್ಯಾನದ ಗತಿ

ಸ್ವೀಡನ್ನಿನ ಉಪ್ಸಲಾ ನಗರದಲ್ಲಿ 1922ರಲ್ಲಿ ಒಂದು ಪ್ರಾಕೃತ ಗ್ರಂಥ ಅಚ್ಚಾಯಿತು. ಅದು ಶ್ವೇತಾಂಬರ ಜೈನರ ಮೂಲಸೂತ್ರಗಳಲ್ಲಿ ಮೊದಲನೆಯದಾದ ಉತ್ತರಾಧ್ಯಯನ ಸೂತ್ರ. ಹಸ್ತಪ್ರತಿಗಳನ್ನು ಕೂಡಿಸಿ, ಪಾಠಾಂತರಗಳನ್ನು ಗುರುತಿಸಿ, ದೀರ್ಘ ಪ್ರಸ್ತಾವನೆಯೊಡನೆ ಅದನ್ನು ಸಂಪಾದಿಸಿದವರು ಯಾರ್ಲ್ ಶಾರ್ಪಾಂತಿಯೇ (1884–1935). ಹರ್ಮನ್ ಯಾಕೋಬಿಯವರ ಇಂಗ್ಲಿಷ್ ಅನುವಾದ 1895ರಲ್ಲಿಯೇ ಬಂದಿದ್ದರೂ ಮೂಲವನ್ನು ಶಾಸ್ತ್ರೀಯವಾಗಿ ಪರಿಷ್ಕರಿಸಿದ ಆವೃತ್ತಿಯೆಂದು ವಿದ್ವಾಂಸರು ಬಹುಕಾಲ ನೆಚ್ಚಿದ್ದು ಈ ಉಪ್ಸಲಾ ಆವೃತ್ತಿಯನ್ನು. ಅದೇ 1922ರಲ್ಲಿ ಹೊರಬಂದ ಕೇಂಬ್ರಿಜ್ ಭಾರತ ಇತಿಹಾಸದ ಮೊದಲ ಸಂಪುಟದಲ್ಲಿ ಜೈನರ ಇತಿಹಾಸವನ್ನು ಕುರಿತ ಅಧ್ಯಾಯವನ್ನು ಬರೆದವರೂ ಅವರೇ. ಭದ್ರಬಾಹುವಿನ ದಕ್ಷಿಣ ಯಾತ್ರೆಯ ಐತಿಹ್ಯ ಹೀಗೆ ಉತ್ತರ ಯುರೋಪಿನ ಒಬ್ಬ ಪಂಡಿತನ ಲೇಖನಿಗೂ ಬಂದಿತ್ತು.

ನಾನು ಉಪ್ಸಲಾಕ್ಕೆ ಹೋದದ್ದು ಸಂಶೋಧನೆಯ ಕೆಲಸಕ್ಕೆ. ಈ ಗ್ರಂಥದ ಇಪ್ಪತ್ತಾರನೆಯ ಅಧ್ಯಯನವನ್ನು ಮತ್ತೆ ಎಚ್ಚರದಿಂದ ಓದುವಂತೆ ಮಾಡಿದ್ದು ಮಾತ್ರ ಒಂದು ವೈಯಕ್ತಿಕ ಪ್ರಸಂಗ. ಜೂನ್ ತಿಂಗಳ ಕೊನೆಯಲ್ಲಿ, ಕಾಡಿನ ನಡುವಣ ಒಂದು ಮನೆಯಲ್ಲಿ ನಡೆದ ಏಳು ದಿನಗಳ ಮೌನ ಶಿಬಿರಕ್ಕೆ ಸೇರಿದ್ದೆ. ಮುಕ್ಕಾಲು ಗಂಟೆ ಕೂರುವುದು, ಅರ್ಧ ಗಂಟೆ ನಡೆಯುವುದು, ಮತ್ತೆ ಕೂರುವುದು, ಇದು ಅಲ್ಲಿಯ ಕ್ರಮ. ಗಂಟೆ ಬಾರಿಸಿದಾಗ ಏಳುವುದು ನನಗೆ ಸಾಲದೆನಿಸಿತು. ರಾತ್ರಿ ಹನ್ನೊಂದಕ್ಕೂ ಕಿಟಕಿಯಲ್ಲಿ ಬೆಳಕಿತ್ತು. ಬೆಳಕಿರುವಾಗ ಮಲಗುವುದೇಕೆ ಎಂದು ಯಾರಿಗೂ ಹೇಳದೆ ಕುಳಿತೆ. ನಾಲ್ಕನೆಯ ದಿನ ನಿದ್ರೆ ಸಂಪೂರ್ಣ ತಪ್ಪಿತು. ಐದನೆಯ ದಿನ ಬೆಳಗ್ಗೆ ಕೂತಲ್ಲಿಯೇ ಕೈಕಾಲು ನಡುಗಲು ತೊಡಗಿತು; ಮನಸ್ಸು ಒಂದೇ ವಾಕ್ಯವನ್ನು ಹಿಡಿದು ಸುತ್ತುತ್ತಿತ್ತು. ಶಿಬಿರವನ್ನು ನಡೆಸುತ್ತಿದ್ದ ಹಿರಿಯರು ನನ್ನನ್ನು ಕರೆದು ಕೇಳಿದ್ದು ಎರಡೇ ಪ್ರಶ್ನೆ: ಎಷ್ಟು ಮಲಗಿದೆ, ಏನು ಉಂಡೆ. ಆಮೇಲೆ ಅರ್ಧದಷ್ಟು ಮಾತ್ರ ಕೂರುವಂತೆಯೂ ಉಳಿದ ಹೊತ್ತಿನಲ್ಲಿ ಸೌದೆ ಒಟ್ಟುವಂತೆಯೂ ಹೇಳಿದರು. ನನಗೆ ನಾಚಿಕೆಯಾಯಿತು. ನಮ್ಮ ಗ್ರಂಥಗಳಲ್ಲಿ ವರ್ಷವಿಡೀ ನಿಂತವರಿದ್ದಾರಲ್ಲ, ನನಗೆ ಒಂದು ವಾರವೂ ಆಗಲಿಲ್ಲವಲ್ಲ ಎಂಬ ನಾಚಿಕೆ.

ಉಪ್ಸಲಾಕ್ಕೆ ಮರಳಿದ ಮೇಲೆ ಕೇಳಿಕೊಂಡ ಪ್ರಶ್ನೆಯೇ ಈ ಲೇಖನದ ವಿಷಯ. ಧ್ಯಾನವನ್ನು ಎಷ್ಟು ಹೊತ್ತು, ಯಾವ ಗತಿಯಲ್ಲಿ, ಯಾವಾಗ ಬಿಟ್ಟು, ಯಾವಾಗ ಮತ್ತೆ ಹಿಡಿದು ಮಾಡಬೇಕೆಂಬುದನ್ನು ಕನ್ನಡ ನಾಡಿನ ಜೈನ ಮುನಿಗಳು ಓದಿದ, ಬರೆದ, ಕಲ್ಲಿನಲ್ಲಿ ಕಡೆಯಿಸಿದ ಪಠ್ಯಗಳು ಹೇಗೆ ನಿರ್ಧರಿಸುತ್ತವೆ?

ನೆರಳಿನ ಅಳತೆ

ಮೊದಲು ಒಂದು ಎಚ್ಚರಿಕೆ. ಉತ್ತರಾಧ್ಯಯನವು ಶ್ವೇತಾಂಬರ ಆಗಮ. ಕನ್ನಡದ ಪ್ರಾಚೀನ ಜೈನ ಸಾಹಿತ್ಯ ಬಹುಮಟ್ಟಿಗೆ ದಿಗಂಬರ ಹಾಗೂ ಯಾಪನೀಯ ಪರಂಪರೆಗಳದು. ಆದ್ದರಿಂದ ಒಂದನ್ನು ಇನ್ನೊಂದರ ಆಕರವೆಂದು ಇಲ್ಲಿ ಭಾವಿಸಿಲ್ಲ. ಎರಡೂ ಪರಂಪರೆಗಳು ಹಂಚಿಕೊಂಡ ಹಳೆಯ ಮುನಿಚರ್ಯೆಯ ರೂಪವನ್ನು ಕಾಣಲು ಹೋಲಿಕೆ ನೆರವಾಗುತ್ತದೆ, ಅಷ್ಟೆ.

ಇಪ್ಪತ್ತಾರನೆಯ ಅಧ್ಯಯನದ ವಸ್ತು ಸಾಮಾಚಾರಿ, ಎಂದರೆ ಮುನಿಯ ದಿನಚರಿ. ಅಲ್ಲಿ ಹಗಲನ್ನು ನಾಲ್ಕು ಪೋರಿಸಿಗಳಾಗಿ ಭಾಗಿಸಲಾಗಿದೆ. ಸಂಸ್ಕೃತದಲ್ಲಿ ಇದು ಪೌರುಷಿ. ಪುರುಷನ ನೆರಳಿನಿಂದ ಅಳೆಯುವ ಹೊತ್ತು. ಕನ್ನಡದ ಜಾವಕ್ಕೆ ಸಮೀಪವಾದದ್ದು. ಮೊದಲನೆಯ ಪೋರಿಸಿ ಸ್ವಾಧ್ಯಾಯಕ್ಕೆ, ಎರಡನೆಯದು ಧ್ಯಾನಕ್ಕೆ, ಮೂರನೆಯದು ಭಿಕ್ಷೆಗೆ, ನಾಲ್ಕನೆಯದು ಮತ್ತೆ ಸ್ವಾಧ್ಯಾಯಕ್ಕೆ. ರಾತ್ರಿಯೂ ಹಾಗೆಯೇ: ಸ್ವಾಧ್ಯಾಯ, ಧ್ಯಾನ, ನಿದ್ರೆ, ಮತ್ತೆ ಸ್ವಾಧ್ಯಾಯ. ಎಂಟು ಭಾಗಗಳಲ್ಲಿ ಧ್ಯಾನಕ್ಕೆ ದೊರೆಯುವುದು ಎರಡು. ಸ್ವಾಧ್ಯಾಯಕ್ಕೆ ಅದರ ಇಮ್ಮಡಿ. ವ್ಯಾಖ್ಯಾನಕಾರರು ಮೊದಲನೆಯದನ್ನು ಸೂತ್ರದ ಪೌರುಷಿಯೆಂದೂ ಎರಡನೆಯದನ್ನು ಅರ್ಥದ ಪೌರುಷಿಯೆಂದೂ ಕರೆಯುತ್ತಾರೆ. ಓದಿದ್ದರ ಅರ್ಥವನ್ನು ಮನಸ್ಸಿನಲ್ಲಿ ನಿಲ್ಲಿಸುವುದೇ ಇಲ್ಲಿ ಧ್ಯಾನ. ಓದಿನಿಂದ ಕಡಿದುಕೊಂಡ ಶೂನ್ಯಸ್ಥಿತಿಯಲ್ಲ.

ಪೋರಿಸಿಯನ್ನು ಅಳೆಯುವುದು ನೆರಳಿನಿಂದ. ಆಷಾಢದಲ್ಲಿ ನೆರಳು ಎರಡು ಪಾದ, ಪುಷ್ಯದಲ್ಲಿ ನಾಲ್ಕು, ಚೈತ್ರ ಮತ್ತು ಆಶ್ವಯುಜಗಳಲ್ಲಿ ಮೂರು. ಏಳು ದಿನಕ್ಕೆ ಒಂದು ಅಂಗುಲ, ಪಕ್ಷಕ್ಕೆ ಎರಡು, ತಿಂಗಳಿಗೆ ನಾಲ್ಕು ಅಂಗುಲದಂತೆ ಹೆಚ್ಚಳ ಅಥವಾ ಇಳಿಕೆ. ಆರು ತಿಂಗಳಿಗೆ ಇಪ್ಪತ್ತನಾಲ್ಕು ಅಂಗುಲ, ಅಂದರೆ ಹನ್ನೆರಡು ಅಂಗುಲದ ಎರಡು ಪಾದ; ಲೆಕ್ಕ ಸರಿಹೋಗುತ್ತದೆ. ರಾತ್ರಿಯ ಭಾಗಗಳನ್ನು ನಕ್ಷತ್ರ ಆಕಾಶದಲ್ಲಿ ಏರಿದ ಎತ್ತರದಿಂದ ತಿಳಿಯಬೇಕು. ಮಾರುದ್ದ ಹೊತ್ತೇರಿತು, ಬೆಳ್ಳಿ ಮೂಡಿತು ಎನ್ನುವ ನಮ್ಮ ಹಳ್ಳಿಯ ಮಾತುಗಳಿಗೂ ಈ ಶಾಸ್ತ್ರಕ್ಕೂ ಇರುವ ನಂಟು ಸ್ಪಷ್ಟವಾಗಿದೆ.

ಜೈನ ಜ್ಯೋತಿಷದಲ್ಲಿ ಅತಿ ದೀರ್ಘ ಹಗಲು 18 ಮುಹೂರ್ತ, ಅತಿ ಹ್ರಸ್ವ ಹಗಲು 12 ಮುಹೂರ್ತ. ಮುಹೂರ್ತವೆಂದರೆ ಎರಡು ಗಳಿಗೆ, 48 ನಿಮಿಷ. ಹಾಗಾಗಿ ದೀರ್ಘ ಹಗಲು 14 ಗಂಟೆ 24 ನಿಮಿಷ, ಹ್ರಸ್ವ ಹಗಲು 9 ಗಂಟೆ 36 ನಿಮಿಷ. ಪೋರಿಸಿ ನಾಲ್ಕೂವರೆ ಮುಹೂರ್ತದಿಂದ ಮೂರು ಮುಹೂರ್ತದವರೆಗೆ. ಮೂರಕ್ಕೆ ಎರಡರ ಈ ಪ್ರಮಾಣ ವೇದಾಂಗ ಜ್ಯೋತಿಷದಲ್ಲಿಯೂ ಇದೆ. ಉಪಖಂಡದ ಉತ್ತರದ ಅಂಚಿಗೆ ಮಾತ್ರ ಅದು ಹೊಂದುತ್ತದೆ. ಶ್ರವಣಬೆಳಗೊಳದಲ್ಲಿ ಬೇಸಗೆಯ ಅತಿ ದೀರ್ಘ ಹಗಲೂ ಹದಿಮೂರು ಗಂಟೆಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಗ್ರಂಥದ ಸಂಖ್ಯೆಗಳು ಕನ್ನಡ ನಾಡಿನ ಸೂರ್ಯನಿಗೆ ಎಂದೂ ಸರಿಹೊಂದಿರಲಿಲ್ಲ.

ಉಪ್ಸಲಾದಲ್ಲಿ ಈ ವಿಧಿಯನ್ನು ಅನ್ವಯಿಸಿ ನೋಡಿದರೆ ಅದರ ಮಿತಿ ಇನ್ನೂ ಬಯಲಾಗುತ್ತದೆ. ಉತ್ತರ ಅಕ್ಷಾಂಶ ಸುಮಾರು 60 ಡಿಗ್ರಿಯ ಈ ಊರಿನಲ್ಲಿ ಜೂನ್ ಕೊನೆಯ ಹಗಲು ಹತ್ತೊಂಬತ್ತು ಗಂಟೆಗೆ ಹತ್ತಿರ. ಡಿಸೆಂಬರಿನ ಹಗಲು ಸುಮಾರು ಆರು ಗಂಟೆ. ಬೇಸಗೆಯಲ್ಲಿ ಧ್ಯಾನದ ಒಂದು ಪೋರಿಸಿಗೆ ನಾಲ್ಕೂಮುಕ್ಕಾಲು ಗಂಟೆ, ಚಳಿಗಾಲದಲ್ಲಿ ಒಂದೂವರೆ ಗಂಟೆ. ಬೇಸಗೆಯ ರಾತ್ರಿಯ ಮೂರನೆಯ ಭಾಗದಲ್ಲಿ ಮಾತ್ರ ನಿದ್ರಿಸುವವನಿಗೆ ಒಂದೂಕಾಲು ಗಂಟೆಯೇ ನಿದ್ರೆ. ಆ ರಾತ್ರಿ ಪೂರ್ಣ ಕತ್ತಲಾಗುವುದೇ ಇಲ್ಲವಾದ್ದರಿಂದ ನಕ್ಷತ್ರ ನೋಡಿ ಹೊತ್ತು ತಿಳಿಯುವುದೂ ಕಷ್ಟ. ಡಿಸೆಂಬರಿನ ನಡುಹಗಲಿನಲ್ಲಿಯೇ ಮನುಷ್ಯನ ನೆರಳು ಅವನ ಎತ್ತರದ ಎಂಟು ಪಟ್ಟು ಮೀರುತ್ತದೆ. ಪಾದಗಳ ಎಣಿಕೆಗೆ ಅರ್ಥವೇ ಉಳಿಯದು. ಬೆಳಕು ಇರುವಷ್ಟು ಹೊತ್ತು ಕೂರುತ್ತೇನೆಂದು ಹೊರಟ ನಾನು ಮಾಡಿದ್ದು ಈ ತಪ್ಪನ್ನೇ: ಒಂದು ಭೂಮಿಯ ಅಳತೆಯನ್ನು ಇನ್ನೊಂದು ಭೂಮಿಯ ಸೂರ್ಯನಿಗೆ ಕಟ್ಟಿದ್ದು.

ಉಸಿರಿನ ಅಳತೆ

ದಿಗಂಬರ ಮುನಿಚರ್ಯೆಯ ಹಳೆಯ ಗ್ರಂಥ ವಟ್ಟಕೇರಾಚಾರ್ಯನ ಮೂಲಾಚಾರ. ಅಲ್ಲಿ ಕಾಯೋತ್ಸರ್ಗವನ್ನು, ಎಂದರೆ ದೇಹದ ಮಮತೆಯನ್ನು ತೊರೆದು ನಿಶ್ಚಲವಾಗಿ ನಿಲ್ಲುವುದನ್ನು, ಉಸಿರುಗಳಿಂದ ಅಳೆಯಲಾಗಿದೆ. ಹಗಲಿನ ಪ್ರತಿಕ್ರಮಣಕ್ಕೆ 108 ಉಸಿರು, ರಾತ್ರಿಯದಕ್ಕೆ ಅದರರ್ಧ 54, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500. ಒಂದು ಪಂಚನಮಸ್ಕಾರಕ್ಕೆ ಮೂರು ಉಸಿರು ಎಂಬುದು ರೂಢಿ. ಒಂಬತ್ತು ಜಪಕ್ಕೆ 27 ಉಸಿರು, ಮೂವತ್ತಾರಕ್ಕೆ 108.

ಇಲ್ಲಿ ಗಮನಿಸಬೇಕಾದ ಅಂಶ ಎರಡು. ಮೊದಲನೆಯದು, ವರ್ಷಕ್ಕೊಮ್ಮೆಯ ಅತಿ ದೊಡ್ಡ ಕಾಯೋತ್ಸರ್ಗವೂ ದಿನದ ಕಾಯೋತ್ಸರ್ಗದ ಐದು ಪಟ್ಟನ್ನು ಮುಟ್ಟುವುದಿಲ್ಲ. ನಿಮಿಷಕ್ಕೆ ಹದಿನೈದು ಉಸಿರೆಂದು ಹಿಡಿದರೆ 108 ಉಸಿರಿಗೆ ಏಳು ನಿಮಿಷ, 500 ಉಸಿರಿಗೆ ಮೂವತ್ತಮೂರು ನಿಮಿಷ. ಎರಡನೆಯದು, ಈ ಅಳತೆ ಸಾಧಕನ ದೇಹದೊಳಗೇ ಇದೆ. ಉಸಿರು ನಿಧಾನವಾದವನಿಗೆ ಅದೇ ಸಂಖ್ಯೆ ದೀರ್ಘಕಾಲವಾಗುತ್ತದೆ. ಬಳಲಿದವನಿಗೆ, ರೋಗಿಗೆ, ಉಸಿರು ಬೇಗಬೇಗ ಆಡುವವನಿಗೆ ಅದು ತಾನಾಗಿಯೇ ಮೊಟಕಾಗುತ್ತದೆ. ಗಡಿಯಾರ ಮಾಡಲಾರದ ಈ ರಿಯಾಯಿತಿಯನ್ನು ಉಸಿರು ಕೇಳದೆಯೇ ಕೊಡುತ್ತದೆ.

ಈ ಉಸಿರು ಎಂಬ ಮಾನವೂ ಏಕರೂಪವಾದದ್ದಲ್ಲ. ಕಾಲಮಾನವನ್ನು ಹೇಳುವ ಜೈನ ಗ್ರಂಥಗಳಲ್ಲಿ ಏಳು ಪ್ರಾಣಕ್ಕೆ ಒಂದು ಸ್ತೋಕ, ಏಳು ಸ್ತೋಕಕ್ಕೆ ಒಂದು ಲವ, 77 ಲವಕ್ಕೆ ಒಂದು ಮುಹೂರ್ತ. ಗುಣಿಸಿದರೆ ಮುಹೂರ್ತಕ್ಕೆ 3773 ಉಚ್ಛ್ವಾಸ. ನಿಮಿಷಕ್ಕೆ ಎಪ್ಪತ್ತೆಂಟರ ಮೇಲಾಯಿತು. ಆರೋಗ್ಯವಂತನ ಶ್ವಾಸದ ವೇಗ ಇದಲ್ಲ, ನಾಡಿಯ ವೇಗ. ಕಾಲಮಾನಶಾಸ್ತ್ರದ ಉಚ್ಛ್ವಾಸವೂ ಕಾಯೋತ್ಸರ್ಗದ ಉಚ್ಛ್ವಾಸವೂ ಒಂದೇ ಪದವಾದರೂ ಒಂದೇ ಅಳತೆಯಲ್ಲವೆಂದು ನನಗೆ ತೋರುತ್ತದೆ. ಮೂರು ಉಸಿರಿಗೆ ಒಂದು ನಮಸ್ಕಾರವೆಂಬ ರೂಢಿ ನಿಜವಾದ ಶ್ವಾಸಕ್ಕೆ ಮಾತ್ರ ಹೊಂದುತ್ತದೆ. ನಾಡಿಯ ಮೂರು ಬಡಿತದಲ್ಲಿ ಪಂಚನಮಸ್ಕಾರ ಮುಗಿಯದು.

ಅಂತರ್ಮುಹೂರ್ತ

ಕಾಯೋತ್ಸರ್ಗಕ್ಕೆ ಉಸಿರು ಅಳತೆಯಾದರೆ ಧ್ಯಾನಕ್ಕೆ ಮಿತಿಯನ್ನು ಹಾಕಿದ್ದು ತತ್ತ್ವಾರ್ಥಸೂತ್ರ. ಅದರ ಒಂಬತ್ತನೆಯ ಅಧ್ಯಾಯದ ಲಕ್ಷಣದ ಪ್ರಕಾರ ಒಂದೇ ವಸ್ತುವಿನಲ್ಲಿ ಚಿಂತೆಯನ್ನು ತಡೆದು ನಿಲ್ಲಿಸುವುದು ಧ್ಯಾನ. ಉತ್ತಮ ಸಂಹನನ, ಎಂದರೆ ಅತ್ಯಂತ ದೃಢವಾದ ಅಸ್ಥಿಬಂಧವುಳ್ಳವನಿಗೂ ಅದು ಅಂತರ್ಮುಹೂರ್ತದವರೆಗೆ ಮಾತ್ರ ಸಾಧ್ಯ. ಪೂಜ್ಯಪಾದನ ಸರ್ವಾರ್ಥಸಿದ್ಧಿಯಿಂದ ಹಿಡಿದು ಹನ್ನೊಂದನೆಯ ಶತಮಾನದ ದಿವಾಕರಣಂದಿಯ ಕನ್ನಡ ವೃತ್ತಿಯವರೆಗೆ ಈ ಸೂತ್ರಗ್ರಂಥ ಕರ್ನಾಟಕದಲ್ಲಿ ನಿರಂತರವಾಗಿ ಓದಿಸಿಕೊಂಡಿದೆ. ಸೂತ್ರದ ಅಭಿಪ್ರಾಯ ನೇರವಾಗಿದೆ: 48 ನಿಮಿಷದೊಳಗೆ ಧ್ಯಾನ ತಾನಾಗಿಯೇ ಸಡಿಲುತ್ತದೆ. ಅದು ಸಾಧಕನ ದೋಷವಲ್ಲ, ಚಿತ್ತದ ಸ್ವಭಾವ.

ಹಾಗಾದರೆ ಅಂತರ್ಮುಹೂರ್ತದ ಆಚೆಗೆ ಏನು? ಜಿನಭದ್ರಗಣಿಯದೆಂದು ಹೇಳುವ ಧ್ಯಾನಶತಕ ಇದಕ್ಕೆ ಉತ್ತರ ಕೊಡುತ್ತದೆ. ಆ ಗಡಿ ದಾಟಿದಾಗ ಮನಸ್ಸು ಚಿಂತೆಗೆ ಇಳಿಯಬಹುದು, ಇಲ್ಲವೆ ಇನ್ನೊಂದು ಧ್ಯಾನಕ್ಕೆ ಸಾಗಬಹುದು. ವಸ್ತುವಿನಿಂದ ವಸ್ತುವಿಗೆ ಸಂಕ್ರಮಿಸುತ್ತ ಹೋದರೆ ಧ್ಯಾನದ ಸಂತಾನ ಬಹುಕಾಲವೂ ನಡೆಯಬಹುದು. ಧ್ಯಾನ ನಿಂತಾಗ ಮುನಿಯು ಅನಿತ್ಯವೇ ಮೊದಲಾದ ಭಾವನೆಗಳಲ್ಲಿ ತೊಡಗಿರಬೇಕೆಂದೂ ಅದು ಹೇಳುತ್ತದೆ. ಇದು ಶ್ವೇತಾಂಬರ ಗ್ರಂಥ. ಆದರೂ ಇದರ ಅನೇಕ ಗಾಹೆಗಳನ್ನು ದಿಗಂಬರ ಆಚಾರ್ಯ ವೀರಸೇನ ತನ್ನ ಧವಲಾ ಟೀಕೆಯಲ್ಲಿ ಉದ್ಧರಿಸಿದ್ದಾನೆ. ಆ ಧವಲೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಉಳಿದುಬಂದದ್ದು ಮೂಡಬಿದಿರೆಯಲ್ಲಿ. ಪಂಥದ ಗೆರೆಯನ್ನು ದಾಟಿ ಈ ವಿಚಾರ ಕನ್ನಡ ನಾಡಿಗೆ ಬಂದಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇದರಿಂದ ಕನ್ನಡ ಸಾಹಿತ್ಯಚರಿತ್ರೆಗೆ ಒಂದು ಸೂಚನೆ ದೊರೆಯುತ್ತದೆ. ಬಂಧುವರ್ಮನ ಜೀವಸಂಬೋಧನೆ ಹನ್ನೆರಡು ಅನುಪ್ರೇಕ್ಷೆಗಳನ್ನು ಆಧರಿಸಿ ರಚಿತವಾದ ಕೃತಿ. ಅದನ್ನು ನಾವು ಸಾಮಾನ್ಯವಾಗಿ ನೀತಿಬೋಧೆಯ ಕಾವ್ಯವೆಂದು ಓದುತ್ತೇವೆ. ಅನುಪ್ರೇಕ್ಷೆಯ ಸ್ಥಾನ ಧ್ಯಾನ ಮತ್ತು ಧ್ಯಾನಗಳ ನಡುವೆ ಎಂಬುದನ್ನು ನೆನೆದರೆ, ಅದು ನಡುವಣ ಹೊತ್ತಿಗಾಗಿ ಬರೆದ ಸಾಹಿತ್ಯವಾಗಿ ಕಾಣುತ್ತದೆ. ಏಕಾಗ್ರತೆ ಸಡಿಲಿದಾಗ ಮನಸ್ಸು ಬರಿದೆ ಅಲೆಯದಂತೆ ಅದಕ್ಕೆ ಹಿಡಿದು ನಡೆಯಲು ಕೊಟ್ಟ ಕೈಗೋಲು. ಶಿಬಿರದಲ್ಲಿ ನನಗೆ ಸೌದೆ ಒಟ್ಟಲು ಹೇಳಿದವರಿಗೆ ಅನುಪ್ರೇಕ್ಷೆಯ ಹೆಸರು ತಿಳಿದಿರಲಿಕ್ಕಿಲ್ಲ. ನಡುವಣ ಹೊತ್ತು ಬರಿದಾಗಿರಬಾರದೆಂಬುದು ತಿಳಿದಿತ್ತು.

ವರ್ಷವಿಡೀ ನಿಂತವನು

ನನ್ನ ನಾಚಿಕೆಗೆ ಕಾರಣನಾದ ಬಾಹುಬಲಿಯ ವಿಷಯಕ್ಕೆ ಈಗ ಬರಬಹುದು. ಕಾಯೋತ್ಸರ್ಗದ ಕನಿಷ್ಠ ಅವಧಿ ಅಂತರ್ಮುಹೂರ್ತ, ಗರಿಷ್ಠ ಅವಧಿ ಒಂದು ವರ್ಷ ಎನ್ನುತ್ತದೆ ಮೂಲಾಚಾರ. ಒಂಬತ್ತನೆಯ ಶತಮಾನದ ಜಿನಸೇನನ ಸಂಸ್ಕೃತ ಆದಿಪುರಾಣದಲ್ಲಿಯೂ ಕ್ರಿ.ಶ. 941ರ ಪಂಪನ ಆದಿಪುರಾಣದಲ್ಲಿಯೂ ಬಾಹುಬಲಿ ಈ ಗರಿಷ್ಠದ ಪ್ರತಿಮೆಯಾಗಿದ್ದಾನೆ. ಚಾವುಂಡರಾಯ ಅವನನ್ನೇ ದೊಡ್ಡಬೆಟ್ಟದ ಮೇಲೆ ಕಲ್ಲಿನಲ್ಲಿ ನಿಲ್ಲಿಸಿದ. ಆದರೆ ಕಥೆ ಹೇಳುವುದೇನು? ವರ್ಷ ತುಂಬಿದರೂ ಕೇವಲಜ್ಞಾನ ಬರಲಿಲ್ಲ. ಭರತನಿಗೆ ತನ್ನಿಂದ ನೋವಾಯಿತೆಂಬ ಒಂದು ಎಣಿಕೆ ಎದೆಯಲ್ಲಿ ಉಳಿದಿತ್ತು ಎಂದು ಜಿನಸೇನ ಕಾರಣ ಕೊಡುತ್ತಾನೆ. ಭರತ ಬಂದು ಪೂಜಿಸಿದಾಗ ಆ ಎಣಿಕೆ ಕರಗಿತು, ಜ್ಞಾನ ಮೂಡಿತು.

ಅವಧಿಯೇ ಫಲವನ್ನು ಕೊಡುವುದಾಗಿದ್ದರೆ ಭರತ ಬರಬೇಕಾದ ಅಗತ್ಯವಿರಲಿಲ್ಲ. ಬಾಹುಬಲಿಯ ಕಥೆಯನ್ನು ಸಹನೆಯ ದಾಖಲೆಯೆಂದು ಮಾತ್ರ ಓದುವವರು ಅದರ ಕೊನೆಯನ್ನು ಬಿಟ್ಟು ಓದುತ್ತಾರೆ. ನಾನೂ ಹಾಗೆಯೇ ಓದಿದ್ದೆ.

ಹನ್ನೆರಡು ವರ್ಷದ ಲೆಕ್ಕ

ಗತಿಯ ಪ್ರಶ್ನೆ ಅತ್ಯಂತ ತೀವ್ರವಾಗುವುದು ಸಲ್ಲೇಖನದಲ್ಲಿ. ಅದು ಪ್ರಾಣಾಂತವಾದ ವ್ರತ. ಒಂದು ವಾರದ ಶಿಬಿರವನ್ನು ಅದರೊಡನೆ ತೂಗುವುದು ಉಚಿತವಲ್ಲ. ಆದರೆ ತಪಸ್ಸಿನ ಕ್ರಮವನ್ನು ಜೈನ ಆಚಾರ್ಯರು ಎಷ್ಟು ಜಾಗರೂಕತೆಯಿಂದ ಯೋಚಿಸಿದ್ದರೆಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಆಧಾರ ಇನ್ನೊಂದಿಲ್ಲ. ಕನ್ನಡದ ವಡ್ಡಾರಾಧನೆಯ ಹಿಂದೆ ನಿಂತಿರುವ ಶಿವಾರ್ಯನ ಭಗವತೀ ಆರಾಧನೆ ಗರಿಷ್ಠ ಹನ್ನೆರಡು ವರ್ಷದ ಸಲ್ಲೇಖನವನ್ನು ಹೀಗೆ ಹಂಚುತ್ತದೆ: ಮೊದಲ ನಾಲ್ಕು ವರ್ಷ ಬಗೆಬಗೆಯ ಕಾಯಕ್ಲೇಶ, ಮುಂದಿನ ನಾಲ್ಕು ವರ್ಷ ಹಾಲು, ತುಪ್ಪ ಮೊದಲಾದ ವಿಕೃತಿಗಳ ತ್ಯಾಗ, ಎರಡು ವರ್ಷ ಆಚಾಮ್ಲ ಮತ್ತು ನಿರ್ವಿಕೃತಿ, ಎಂದರೆ ಗಂಜಿಯಂಥ ಸಪ್ಪೆ ಆಹಾರ, ಒಂದು ವರ್ಷ ಆಚಾಮ್ಲವೊಂದೇ, ಕೊನೆಯ ವರ್ಷದ ಮೊದಲರ್ಧ ಅತಿಯಲ್ಲದ ತಪಸ್ಸು, ಉಳಿದರ್ಧ ಉತ್ಕೃಷ್ಟ ತಪಸ್ಸು.

ಉತ್ತರಾಧ್ಯಯನದ ಕೊನೆಯ ಅಧ್ಯಯನದಲ್ಲಿಯೂ ಹನ್ನೆರಡು ವರ್ಷದ ಲೆಕ್ಕವಿದೆ. ಆದರೆ ಕ್ರಮ ಬೇರೆ. ಅಲ್ಲಿ ವಿಕೃತಿತ್ಯಾಗ ಮೊದಲ ನಾಲ್ಕು ವರ್ಷಗಳಲ್ಲಿ, ವಿಚಿತ್ರ ತಪಸ್ಸು ಎರಡನೆಯ ನಾಲ್ಕರಲ್ಲಿ. ಎರಡು ವರ್ಷ ದಿನ ಬಿಟ್ಟು ದಿನದ ಉಪವಾಸ. ಹನ್ನೊಂದನೆಯ ವರ್ಷದಲ್ಲಿ ಆರು ತಿಂಗಳು ಅತಿಯಲ್ಲದ ತಪಸ್ಸು, ಆರು ತಿಂಗಳು ಉತ್ಕೃಷ್ಟ ತಪಸ್ಸು. ಅದಾದ ಮೇಲೂ ಒಂದು ವರ್ಷದ ಆಚಾಮ್ಲ. ಉಪ್ಸಲಾ ಆವೃತ್ತಿಯನ್ನೂ ಆರಾಧನೆಯನ್ನೂ ಅಕ್ಕಪಕ್ಕ ಇಟ್ಟಾಗ ವ್ಯತ್ಯಾಸಗಳಷ್ಟೇ ಒಂದು ಸಾಮ್ಯವೂ ಎದ್ದು ಕಾಣುತ್ತದೆ. ವರ್ಷಗಳ ಮೊತ್ತ ಒಂದೇ. ಕ್ರಮ ಅದಲುಬದಲಾದರೂ ಅತಿಯಲ್ಲದ ಅರ್ಧವರ್ಷ ಉತ್ಕೃಷ್ಟವಾದ ಅರ್ಧವರ್ಷಕ್ಕೆ ಯಾವಾಗಲೂ ಮೊದಲು ಬರುತ್ತದೆ. ಪಂಥಗಳು ಬೇರೆಯಾಗುವ ಮೊದಲೇ ಸ್ಥಿರವಾಗಿದ್ದ ಪದರ ಇದೇ ಇರಬೇಕು ಎಂಬುದು ನನ್ನ ಊಹೆ.

ಈ ಲೆಕ್ಕ ಮುಗಿದೊಡನೆ ಆರಾಧನೆ ಅದನ್ನು ಸಡಿಲಿಸುತ್ತದೆ. ಆಹಾರ, ಕ್ಷೇತ್ರ, ಕಾಲ, ಶರೀರದ ಧಾತು, ಈ ನಾಲ್ಕನ್ನೂ ನೋಡಿಕೊಂಡು ವಾತ ಪಿತ್ತ ಶ್ಲೇಷ್ಮಗಳು ಕ್ಷೋಭೆಗೊಳ್ಳದಂತೆ ತಪಸ್ಸು ಮಾಡಬೇಕೆಂದು ವಿಧಿಸುತ್ತದೆ. ಸಾವನ್ನೇ ಗುರಿಯಾಗಿ ಹಿಡಿದವನಿಗೂ ದೋಷಕ್ಷೋಭೆಯಾಗಬಾರದೆಂಬ ನಿಯಮ ಮೊದಲ ಓದಿಗೆ ವಿಚಿತ್ರವೆನಿಸುತ್ತದೆ. ವಿಚಾರ ಮಾಡಿದರೆ ಅದರಲ್ಲಿ ವಿರೋಧವಿಲ್ಲ. ಕೃಶಗೊಳಿಸಬೇಕಾದದ್ದು ಕಾಯದೊಡನೆ ಕಷಾಯ. ದೇಹ ಕದಡಿದರೆ ಚಿತ್ತ ಕದಡುತ್ತದೆ, ಕಷಾಯ ಹೆಚ್ಚುತ್ತದೆ, ವ್ರತ ವ್ಯರ್ಥವಾಗುತ್ತದೆ. ಷೋಡಶಭಾವನೆಗಳಲ್ಲಿ ತ್ಯಾಗ ಮತ್ತು ತಪಸ್ಸುಗಳಿಗೆ ಮಾತ್ರ ಶಕ್ತ್ಯನುಸಾರ ಎಂಬ ವಿಶೇಷಣ ಸೇರಿರುವುದೂ ಇದೇ ಕಾರಣಕ್ಕೆ. ಗಂಟೆಯ ಲೆಕ್ಕವನ್ನು ಮೀರಿ ಕುಳಿತ ಆ ರಾತ್ರಿಗಳಲ್ಲಿ ನಾನು ನೋಡದೇ ಹೋದದ್ದು ಈ ನಾಲ್ಕನ್ನೇ: ಉಂಡದ್ದನ್ನು, ಇರುವ ಕ್ಷೇತ್ರವನ್ನು, ಕಾಲವನ್ನು, ಧಾತುವನ್ನು.

ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ಈ ಶಾಂತ ಕ್ರಮಕ್ಕೆ ಎದುರಾದ ಉಗ್ರ ಚಿತ್ರಗಳೇ ಹೆಚ್ಚು. ನರಿಗೆ ಆಹಾರವಾದ ಸುಕುಮಾರಸ್ವಾಮಿ, ಹುಲಿಯ ಬಾಯಿಗೆ ಬಿದ್ದ ಸುಕೌಶಳಸ್ವಾಮಿ ಅದರ ಪ್ರಸಿದ್ಧ ನಾಯಕರು. ಇವು ಸಾಧನೆಯ ಸಾಮಾನ್ಯ ವೇಗವನ್ನು ಹೇಳುವ ಕಥೆಗಳಲ್ಲ. ಆರಾಧನೆಯು ಸವಿಚಾರ ಮತ್ತು ಅವಿಚಾರ ಎಂದು ಭಕ್ತಪ್ರತ್ಯಾಖ್ಯಾನದಲ್ಲಿ ಎರಡು ಭೇದ ಮಾಡುತ್ತದೆ: ಕಾಲಾವಕಾಶವಿದ್ದು ಕ್ರಮವಾಗಿ ಮಾಡುವುದು ಒಂದು, ಆಪತ್ತು ಒಮ್ಮೆಗೇ ಮೇಲೆರಗಿದಾಗ ಮಾಡುವುದು ಇನ್ನೊಂದು. ಉಪಸರ್ಗದ ಕಥೆಗಳು ಎರಡನೆಯದರ ಸಮೀಪದವು. ಅದೇ ಸಂಕಲನದ ಭದ್ರಬಾಹು ಭಟಾರರ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದರ ಮೂಲವಾದ ಗಾಹೆ ಅವರ ತಪಸ್ಸನ್ನು ಅವಮೋದರ್ಯವೆಂದು ಕರೆಯುತ್ತದೆ, ಎಂದರೆ ಹೊಟ್ಟೆ ತುಂಬ ಉಣ್ಣದಿರುವುದು. ಆರಾಧನೆಯ ಪ್ರಕಾರ ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಯದು 28. ಅದರಿಂದ ಒಂದೊಂದೇ ತುತ್ತನ್ನು ಕಳೆಯುತ್ತ ಹೋಗುವುದು ಅವಮೋದರ್ಯ. ಕ್ಲೇಶವಿಲ್ಲದ ಮತಿಯಿಂದ ಅದನ್ನು ಸಾಧಿಸಿದರೆಂಬುದೇ ಅಲ್ಲಿ ಭದ್ರಬಾಹುವಿನ ಹಿರಿಮೆ.

ಚಿಕ್ಕಬೆಟ್ಟದ ಲೆಕ್ಕ

ಶಾಸ್ತ್ರ ಹೀಗೆ ಹೇಳಿತು. ಜನ ನಡೆದುಕೊಂಡದ್ದು ಹೇಗೆ? ಚಿಕ್ಕಬೆಟ್ಟದ ಬಂಡೆಗಳ ಮೇಲಿನ ಚಿಕ್ಕ ಶಾಸನಗಳು ಕೆಲವೊಮ್ಮೆ ಅವಧಿಯನ್ನೂ ದಾಖಲಿಸುತ್ತವೆ. ಲಿಪಿಯ ಆಧಾರದಿಂದ ಸುಮಾರು ಕ್ರಿ.ಶ. 700ರವೆಂದು ಗುರುತಿಸಿದ ಶಾಸನಗಳಲ್ಲಿ ಚಿತ್ತೂರಿನ ಮೌನಿಗುರವಡಿಗಳ ಶಿಷ್ಯೆ ನಾಗಮತಿ ಗನ್ತಿಯರ್ ಮೂರು ತಿಂಗಳು ನೋಂತರೆಂದಿದೆ. ಮಲನೂರಿನ ಪಟ್ಟಿನಿ ಗುರವಡಿಗಳ ಶಿಷ್ಯ ಉಗ್ರಸೇನ ಗುರವಡಿಗಳು ಒಂದು ತಿಂಗಳು. ಗಂಗ ದೊರೆ ಮಾರಸಿಂಹ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ಮುಡಿಪಿದ. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳ ರಾಣಿ ಶಾಂತಲೆಯ ತಾಯಿ ಮಾಚಿಕಬ್ಬೆ ಒಂದು ತಿಂಗಳ ಸನ್ಯಸನ ಕೈಗೊಂಡಳು. ಅರೆಮುಚ್ಚಿದ ಕಣ್ಣು, ಪಂಚಪದದ ಜಪ, ಜಿನಧ್ಯಾನ ಎಲ್ಲವನ್ನೂ ಶಾಸನ ಹೇಳುತ್ತದೆ. ಆರ್ಯಿಕೆಗೆ ಮೂರು ತಿಂಗಳು, ಮುನಿಗೆ ಒಂದು, ದೊರೆಗೆ ಮೂರು ದಿನ, ಗೃಹಿಣಿಗೆ ಒಂದು ತಿಂಗಳು. ಇವರಲ್ಲಿ ಯಾರದು ಹೆಚ್ಚಿನ ಸಿದ್ಧಿಯೆಂದು ಶಾಸನಗಳು ತೂಗುವುದಿಲ್ಲ.

ಶಾಸನಗಳ ಕ್ರಿಯಾಪದಗಳೂ ಗಮನಾರ್ಹ. ನೋನ್ ಧಾತುವಿನ ಮೂಲದಲ್ಲಿ ತಾಳಿಕೊಳ್ಳುವುದೆಂಬ ಅರ್ಥವಿದೆ. ತಮಿಳಿನ ನೋನ್ಬು, ನಮ್ಮ ನೋಂಪಿ ಅದೇ ಕುಲದವು. ಮುಡಿಪು ಎಂದರೆ ಮುಗಿಸು, ಪೂರೈಸು. ಸತ್ತರು ಎನ್ನದೆ ಪೂರೈಸಿದರು ಎನ್ನುತ್ತದೆ ಭಾಷೆ. ಕೈಗೆತ್ತಿಕೊಂಡದ್ದನ್ನು ಕೊನೆಮುಟ್ಟಿಸಿದರೆಂಬುದೇ ಸ್ಮರಣೀಯವಾಯಿತು. ಅವಧಿ ಅದರ ವಿವರ ಮಾತ್ರ.

ಗತಿಯನ್ನು ನೋಡುವವರು

ಈ ಶಾಸನಗಳಲ್ಲಿ ಮತ್ತೆ ಮತ್ತೆ ಗುರುವಿನ ಹೆಸರು ಬರುವುದು ಔಪಚಾರಿಕತೆಯಲ್ಲ. ಆರಾಧನೆ ಕ್ಷಪಕನಿಗೆ, ಎಂದರೆ ವ್ರತವಿರುವವನಿಗೆ, 48 ಮಂದಿ ನಿರ್ಯಾಪಕರನ್ನು ವಿಧಿಸುತ್ತದೆ. ನಾಲ್ವರು ಮೈಯನ್ನು ಹಿಡಿದು ಎತ್ತಿ ಹೊರಳಿಸಲು, ನಾಲ್ವರು ಧರ್ಮಕಥೆ ಹೇಳಲು, ನಾಲ್ವರು ಬಾಗಿಲು ಕಾಯಲು, ಹೀಗೆ ಹಂಚಿಕೆ. ಕಾಲ ಅನುಕೂಲವಿಲ್ಲದಿದ್ದರೆ ಸಂಖ್ಯೆಯನ್ನು ಇಳಿಸಬಹುದು; ಆದರೆ ಇಬ್ಬರಿಗಿಂತ ಕೆಳಗಿಲ್ಲ. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕ ಒಂಟಿಯಾಗುತ್ತಾನೆ, ಹೋಗದಿದ್ದರೆ ತಾನೇ ಕೆಡುತ್ತಾನೆ ಎಂಬ ತರ್ಕವನ್ನೂ ಗ್ರಂಥ ಕೊಡುತ್ತದೆ. ಒಂದು ಗಂಭೀರ ಸಾಧನೆಯ ಗತಿಯನ್ನು ಸಾಧಕನೊಬ್ಬನ ಉತ್ಸಾಹಕ್ಕೆ ಬಿಡಬಾರದೆಂಬುದು ಇದರ ಅಂತರ್ಗತ ನಿರ್ಣಯ. ತನ್ನ ಉಸಿರು ಏರುಪೇರಾದದ್ದು ಎಷ್ಟೋ ವೇಳೆ ಉಸಿರಾಡುವವನಿಗೆ ಕಾಣುವುದಿಲ್ಲ. ಪಕ್ಕದಲ್ಲಿ ಕುಳಿತವನಿಗೆ ಕಾಣುತ್ತದೆ.

ನೆರಳಿನ ಅಳತೆ ನಾಡಿನಿಂದ ನಾಡಿಗೆ ಸಾಗಲಿಲ್ಲ. ಉಸಿರಿನ ಅಳತೆ ಸಾಗಿತು, ಆದರೆ ಅದು ಆಳಿನಿಂದ ಆಳಿಗೆ ಬದಲಾಗುತ್ತದೆ. ಬದಲಾಗುವ ಅಳತೆಯನ್ನು ಬಳಸಲು ಅದನ್ನು ನೋಡುವ ಇನ್ನೊಂದು ಕಣ್ಣು ಬೇಕೆಂಬುದನ್ನು ನಮ್ಮ ಗ್ರಂಥಗಳು ಮರೆತಿರಲಿಲ್ಲ. ಶಿಬಿರದ ಐದನೆಯ ಬೆಳಗಿನಲ್ಲಿ ನನ್ನನ್ನು ಕೇಳಿದ ಎರಡು ಪ್ರಶ್ನೆಗಳು, ಎಷ್ಟು ಮಲಗಿದೆ, ಏನು ಉಂಡೆ, ಆರಾಧನೆಯ ಗಾಹೆಯ ಕಾಲ ಮತ್ತು ಭಕ್ತಗಳೇ ಆಗಿದ್ದವು. ಉಳಿದೆರಡು ದಿನ ಹೇಳಿದಷ್ಟೇ ಕುಳಿತೆ. ಉಳಿದ ಹೊತ್ತು ಸೌದೆ ಒಟ್ಟಿದೆ. ಆರನೆಯ ರಾತ್ರಿ ಕಿಟಕಿಗೆ ಕಂಬಳಿ ಕಟ್ಟಿ, ಹೊರಗೆ ಬೆಳಕಿರುವಾಗಲೇ ಮಲಗಿದೆ. ನಿದ್ರೆ ಬಂತು.